ಉಡಚವ್ವನ ವಯಸ್ಸು

ಪಕ್ಕದ ಮನೆಗೆ ಉಡಚವ್ವ ಸೊಸೆಯಾಗಿ ಬಂದ ದಿನ ಆರತಿ ತಟ್ಟೆ ಹಿಡಿದುಕೊಂಡು ಬಾಗಿಲಲ್ಲಿ ನಿಂತವಳು ನಾನೇ. ಟೆಂಪೋದಿಂದ ಇಳಿದವಳನ್ನು ನೋಡಿ, ಇದೇನು, ಮದುಮಗಳ ತಂಗಿಯನ್ನು ಮೊದಲು ಇಳಿಸಿದರಲ್ಲ ಅಂದುಕೊಂಡೆ. ಅಷ್ಟು ಗಿಡ್ಡ ಇದ್ದಳು. ದನಿಯೂ ಹಾಗೇ, ಸಣ್ಣ ಮಕ್ಕಳ ದನಿ. ತೊಂಬತ್ತೆರಡೋ ತೊಂಬತ್ಮೂರೋ ಇರಬೇಕು ಕೂಸೇ. ನಿನ್ನ ಅಜ್ಜ ಇನ್ನೂ ಇದ್ದರು. ಆ ಮದುವೆಯಲ್ಲಿ ಗೋಧಿ ಹುಗ್ಗಿಯನ್ನು ಮತ್ತೆ ಮತ್ತೆ ಹಾಕಿಸಿಕೊಂಡು ಮರುದಿನ ಹೊಟ್ಟೆ ಹಿಡಿದುಕೊಂಡು ಮಲಗಿದ್ದರು. ಅದಿರಲಿ.

ಅವಳ ತವರು ಕುಪ್ಪೇಲೂರು, ರಾಣೆಬೆನ್ನೂರು ಕಡೆಯದು. ಅಪ್ಪ ಲಕ್ಕಪ್ಪ. ತಾಯಿ ಇರಲಿಲ್ಲ. ಕೊಟ್ಟದ್ದು ಬ್ಯಾಡಗಿಯ ಹೊಳಿಯಪ್ಪನಿಗೆ. ಅವನು ಮೆಣಸಿನಕಾಯಿ ಪೇಟೆಯಲ್ಲಿ ಚೀಲ ಹೊರುವ ಹಮಾಲ. ಒಳ್ಳೆಯ ಹುಡುಗ, ಆದರೆ ಬಾಯಿಲ್ಲ. ಆ ಮನೆಯ ಬಾಯನ್ನೆಲ್ಲ ಅವನ ತಾಯಿ ಫಕ್ಕೀರವ್ವ ಒಬ್ಬಳೇ ಬಳಸಿಕೊಂಡಿದ್ದಳು.

ಉಡಚವ್ವ ಬಂದ ವಾರವೇ ಪೇಟೆಯಲ್ಲಿ ಕಾಯಿಯ ತೊಟ್ಟು ಬಿಡಿಸಲು ಕೂತಳು. ಹೊರಗಿನವರು ನಮ್ಮೂರಿಗೆ ಬಂದರೆ ಬಸ್‌ಸ್ಟ್ಯಾಂಡಿನಲ್ಲೇ ಸೀನಲು ಶುರು ಮಾಡುತ್ತಾರೆ. ಅವಳು ಮೊದಲ ದಿನವೂ ಸೀನಲಿಲ್ಲ. ಕೈ ಓಡುತ್ತಿತ್ತು, ಜೊತೆಗೆ ಬಾಯಿ. ವ್ಯಾಪಾರಿಗಳ ನಡಿಗೆಯನ್ನು ಕೂತಲ್ಲೇ ಮಾಡಿ ತೋರಿಸಿ ಹೆಂಗಸರನ್ನೆಲ್ಲ ನಗಿಸುವಳು. ಸಂಜೆ ನನ್ನ ಕಟ್ಟೆಗೆ ಬಂದು, "ಆಯಿ, ಒಂದೀಟ ಚಾ ಕೊಡ್ರಿ, ನಮ್ಮತ್ತಿ ಚಾದಾಗ ಸಕ್ರಿಗಿಂತ ಬೈಗಳನ ಜಾಸ್ತಿ ಇರ್ತೈತಿ" ಅನ್ನುವಳು. ಫಕ್ಕೀರವ್ವನಿಗೆ ಕೇಳಲಿ ಅಂತಲೇ ಅನ್ನುವಳು. ಒಬ್ಬಳು ಮಗಳು ಹುಟ್ಟಿದಳು. ಎಲ್ಲ ನೆಟ್ಟಗೇ ನಡೆದಿತ್ತು.

ಮಗಳಿಗೆ ಹಲ್ಲು ಬರುವ ಹೊತ್ತಿಗೆ ತಾಯಿಯ ಕೂದಲು ಬೆಳ್ಳಗಾಗತೊಡಗಿತು. ಮೆಣಸಿನಕಾಯಿಯ ಘಾಟಿಗೆ ಹಾಗಾಗಿದೆ ಅಂದರು. ಘಾಟಿಗೆ ಹಾಗಾಗುವುದಾದರೆ ಬ್ಯಾಡಗಿಯ ಹೆಂಗಸರೆಲ್ಲ ಬೆಳ್ಳಗಾಗಬೇಕಿತ್ತಲ್ಲ? ನಾನು ಆಗಲೇ ಕೇಳಿದೆ. ಆಮೇಲೆ ಮುಖದ ಚರ್ಮ ಎಲುಬಿಗೆ ಅಂಟಿತು, ಮೂಗು ಚೂಪಾಯಿತು. ದನಿ ಮೊದಲೇ ಸಣ್ಣದು, ಈಗ ಒಡಕೂ ಸೇರಿತು. ಹಿಮ್ಮಡಿ ಆಣಿಗಟ್ಟಿ ಕಲ್ಲಾಯಿತು, ಕಾಲಗಂಟಿನ ಹತ್ತಿರ ಆದ ಹುಣ್ಣು ಏನು ಹಚ್ಚಿದರೂ ಮಾಯಲಿಲ್ಲ. ಪೇಟೆಯಲ್ಲಿ ಹಮಾಲರು ಹೊಳಿಯಪ್ಪನನ್ನು ಕಾಡಿಸುತ್ತಿದ್ದರು.

"ಹೊಳಿಯಾ, ಬುತ್ತಿ ತಂದಾರ ನೋಡೋ ನಿಮ್ಮವ್ವಾರು."

ಅವನು ತಲೆ ಬಗ್ಗಿಸಿ ಬುತ್ತಿ ಬಿಚ್ಚುವನು. ಹೆಂಡತಿಗೂ ಕೇಳಿಸಿರುತ್ತಿತ್ತು. "ಅವ್ವನ ಕೈ ರುಚಿ ಅಂತ ತಿನ್ನ್ರಿ" ಅಂದು ಅವಳೇ ನಗುವಳು.

ಎರಡು ಸಾವಿರದ ನಾಲ್ಕರಲ್ಲಿ ಶಾಲೆಯ ಅಂಗಳದಲ್ಲಿ ಕಣ್ಣಿನ ಶಿಬಿರ ಹಾಕಿದ್ದರು. ಉಡಚವ್ವನಿಗೆ ಎರಡೂ ಕಣ್ಣು ಮಂಜಾಗಿ, ಕಾಯಿಯ ಬಣ್ಣ ತಿಳಿಯದೆ ಹಸಿಯದನ್ನೂ ಒಣಗಿದ್ದನ್ನೂ ಒಂದೇ ಗುಡ್ಡೆಗೆ ಹಾಕುತ್ತಿದ್ದಳು. ನಾನು, ಅವಳು, ಫಕ್ಕೀರವ್ವ ಮೂವರೂ ಸಾಲಿನಲ್ಲಿ ನಿಂತೆವು. ಹೆಸರು ಬರೆಯುವ ಹುಡುಗಿ ಕೇಳದೆಯೇ ಉಡಚವ್ವನ ಹೆಸರಿನ ಮುಂದೆ ಅರವತ್ತು ಅಂತ ಬರೆದಳು.

"ನನಗ ಮೂವತ್ತೊಂದ್ರಿ" ಅಂದಳು ಉಡಚವ್ವ.

ಹುಡುಗಿ ತಲೆ ಎತ್ತಿ ನೋಡಿ ನಕ್ಕಳು. ಹಿಂದೆ ನಿಂತವರೂ ನಕ್ಕರು. "ನನಗ ಹದಿನಾರು, ಬರ್ಕೋವಾ" ಅಂತ ಒಬ್ಬ ಮುದುಕ ಹೇಳಿದ. ಫಕ್ಕೀರವ್ವ ನಗಲಿಲ್ಲ. ಅವಳು ಸೊಸೆಯ ಮುಖವನ್ನು ಮೊದಲ ಸಲ ನೋಡುವವಳ ಹಾಗೆ ನೋಡುತ್ತ ನಿಂತಿದ್ದಳು. ಆ ನೋಟ ನನಗೆ ಹಿಡಿಸಲಿಲ್ಲ.

ಶಿಬಿರದ ಡಾಕ್ಟರು ಕಣ್ಣು ನೋಡಿ, ಕಾಲು ನೋಡಿ, ಇಲ್ಲಿ ಆಪರೇಶನ್ ಬೇಡ, ಹುಬ್ಬಳ್ಳಿಯ ದೊಡ್ಡಾಸ್ಪತ್ರೆಗೆ ಹೋಗಿ ಅಂದರು. ಮನೆಗೆ ಬಂದ ಕೂಡಲೇ ಫಕ್ಕೀರವ್ವ ನನ್ನ ಅಡುಗೆ ಮನೆಗೇ ಬಂದು ಕೂತಳು.

"ಅಕ್ಕಾ, ನಮಗ ಮೋಸ ಆಗೇತಿ. ಗಿಡ್ಡ ಅದಾಳ, ಸಣ್ಣಾಕಿ ಇರಬೇಕು ಅಂತ ನಂಬಿದ್ವಿ. ಲಕ್ಕಪ್ಪ ಮದುವಿ ಆಗದ ಉಳದ ಮಗಳನ್ನ ನಮ್ಮ ಕೊರಳಿಗೆ ಕಟ್ಯಾನ. ನನ್ನ ಮಗನಕಿಂತ ದೊಡ್ಡಾಕಿ ಅದಾಳ ಆಕಿ."

"ಆಕಿ ಬಂದಾಗ ನಾನೂ ನೋಡೇನಿ. ಕೂಸಿನಂಗ ಇದ್ಲು."

"ಕೂಸಿನಂಗ ಇದ್ಲು ಅಂತ ನೀ ಅಂತಿ. ನನಗ ಸಾಕ್ಷಿ ಬೇಕು. ಸುಳ್ಳಾದ್ರ ತವರಿಗೆ ಕಳಸ್ತೇನಿ. ಹೊಳಿಯಪ್ಪಗ ಬ್ಯಾರೆ ಮಾಡ್ತೇನಿ."

ಬೇರೆ ಅಂದರೆ ಬೇರೆ ಮದುವೆ. ಕಾಗಿನೆಲೆಯಲ್ಲಿ ಅವಳ ಕಡೆಯವರದೊಂದು ಹುಡುಗಿ ಇತ್ತು. ಅದು ನನಗೆ ಗೊತ್ತಿತ್ತು. ಗೊತ್ತಿದ್ದರಿಂದಲೇ, ಈಕೆಗೆ ವಯಸ್ಸಿನ ಚಿಂತೆಯೋ ಹೊಸ ಸೊಸೆಯ ಆಸೆಯೋ ಅಂತ ನನಗೆ ಅನುಮಾನ. ಅಲ್ಲಿ ಏನು ಕೇಳಿ ಏನು ಹೇಳುತ್ತಾಳೋ ನೋಡೋಣ ಅಂತ, ಸಾಕ್ಷಿ ಹುಡುಕಲು ಕುಪ್ಪೇಲೂರಿಗೆ ಹೊರಟವಳ ಜೊತೆ ನಾನೂ ಬಸ್ ಹತ್ತಿದೆ.

ಲಕ್ಕಪ್ಪ ಹೊಲಕ್ಕೆ ಹೋಗಿದ್ದ. ಅದೇ ಬೇಕಾಗಿತ್ತು ಫಕ್ಕೀರವ್ವನಿಗೆ. ಗುಡಿಯ ಕಟ್ಟೆಯ ಮೇಲೆ ಮಲ್ಲೇಶಪ್ಪ ಅಂತ ಊರಿನ ಹಿರಿಯ ಕೂತಿದ್ದ. ಹಲ್ಲಿಲ್ಲ, ನೆನಪು ಮಾತ್ರ ಗಟ್ಟಿ ಅಂತ ಎಲ್ಲರೂ ಹೇಳಿದರು.

"ಲಕ್ಕಪ್ಪನ ಮಗಳು ಉಡಚವ್ವ ಹುಟ್ಟಿದ್ದು ಯಾವಾಗ್ರಿ ಯಜಮಾನ್ರ?" ಅಂದಳು ಫಕ್ಕೀರವ್ವ.

"ಉಡಚವ್ವ ಏನ? ಚೀನಾದವ್ರ ಕೂಡ ಲಡಾಯಿ ಆತಲ್ಲ, ಆ ವರ್ಷ. ಲಕ್ಕಪ್ಪ ಊರಿಗೆಲ್ಲ ಸಕ್ರಿ ಹಂಚಿದ್ದ. ನಾನೂ ಇಸ್ಕೊಂಡೇನಿ."

"ಬ್ಯಾರೆ ಹೆಣ್ಮಕ್ಕಳು ಇದ್ರೇನ್ರಿ ಅವಗ?"

"ಇದ್ದಾಕಿ ಅಕಿ ಒಬ್ಬಾಕಿನ."

ಫಕ್ಕೀರವ್ವ ನನ್ನ ಕಡೆ ತಿರುಗಿದಳು. ಚೀನಾ ಯುದ್ಧದ ವರ್ಷ ಹುಟ್ಟಿದವಳೆಂದರೆ ನಲವತ್ತು ದಾಟಿದವಳು, ಹೊಳಿಯಪ್ಪನಿಗಿಂತ ದೊಡ್ಡವಳು. ನನಗೂ ಬುದ್ಧಿ ಓಡಲಿಲ್ಲ.

ಎರಡು ದಿನದಲ್ಲಿ ಲಕ್ಕಪ್ಪ ಓಡಿ ಬಂದ. ಫಕ್ಕೀರವ್ವ ಓಣಿಯ ಹಿರಿಯ ಸೋಮಣ್ಣನನ್ನು ಕರೆಸಿದ್ದಳು. ಸೋಮಣ್ಣ ಪೇಟೆಯ ಹಮಾಲರ ಮುಖಂಡ, ಜಗಳ ಬಗೆಹರಿಸುವುದರಲ್ಲಿ ಗಟ್ಟಿಗ. ಲಕ್ಕಪ್ಪ ನಿಂತುಕೊಂಡೇ ಹೇಳಿದ.

"ಮಲ್ಲೇಶಪ್ಪ ಹೇಳಿದ್ದು ಸುಳ್ಳಲ್ರಿ. ಆದ್ರ ಅಕಿ ಮೊದಲನೇಕಿ. ನಾಕು ವರ್ಷದಾಕಿ ಇದ್ದಾಗ ಜ್ವರ ಬಂದು ತೀರಿಕೊಂಡ್ಲು. ಮುಂದ ಬಾಳ ದಿವಸ ನಮಗ ಮಕ್ಕಳಾಗ್ಲಿಲ್ಲ. ಉಡಚಮ್ಮಗ ಹರಕಿ ಹೊತ್ತು ಹುಟ್ಟಿದಾಕಿ ಇಕಿ. ದೇವಿ ಹೆಸರು ಬಿಡಬಾರದಂತ ಇಕಿಗೂ ಅದ ಹೆಸರು ಇಟ್ವಿ."

"ಇಕಿ ಹುಟ್ಟಿದ್ದು ಊರಾಗ ಯಾರೂ ನೋಡೇ ಇಲ್ಲೇನು?" ಅಂದ ಸೋಮಣ್ಣ.

"ಇಕಿ ಹುಟ್ಟಿದ ತಿಂಗಳದಾಗ ನನ್ನ ಹೆಂಡ್ತಿ ತೀರಿಕೊಂಡ್ಲು. ಸಕ್ರಿ ಹಂಚೂದು ಎಲ್ಲಿಂದ ಬಂತ್ರಿ? ಹೆಸರು ಒಂದ ಅಂತ ಮುದುಕನ ನೆನಪಿನಾಗ ಇಬ್ರೂ ಒಬ್ಬಾಕಿನ ಆಗ್ಯಾರ."

"ತಾಯಿಲ್ಲದ ಕೂಸು ಏನ ಕುಡದು ಬದುಕಿತು ಹಂಗಾದ್ರ?" ಅಂದಳು ಫಕ್ಕೀರವ್ವ.

ಲಕ್ಕಪ್ಪ ಮಗಳ ಕಡೆ ನೋಡಿದ. "ಆಕಳ ಹಾಲು" ಅಂದ. ಹೇಳಿದ ರೀತಿಗೇ ಗೊತ್ತಾಯಿತು ಅದು ಸುಳ್ಳು ಅಂತ. ಉಡಚವ್ವ ನೆಲ ನೋಡುತ್ತಿದ್ದಳು. ಅಪ್ಪ ಮಗಳು ಕೂಡಿ ಏನೋ ಮುಚ್ಚಿಟ್ಟಿದ್ದಾರೆ ಅಂತ ಅಲ್ಲಿದ್ದವರಿಗೆಲ್ಲ ಅನಿಸಿತು, ನನಗೂ ಅನಿಸಿತು. ಶಾಲೆಯ ದಾಖಲೆ ತರುತ್ತೇನೆ ಅಂದ ಲಕ್ಕಪ್ಪ. ಅದಕ್ಕೆ ಸೋಮಣ್ಣ ನಕ್ಕ. "ಜೂನ್ ಒಂದನೇ ತಾರೀಖು ಅಂತ ಇರ್ತೈತಿ ಬಿಡಪಾ. ನಾನೂ ಜೂನ್ ಒಂದಕ್ಕ ಹುಟ್ಟೇನಿ, ನನ್ನ ಹೆಂಡ್ತಿನೂ ಜೂನ್ ಒಂದು. ಮಾಸ್ತರ ಬಾಯಿಗೆ ಬಂದ ವರ್ಷ ಬರಕೊಂತಿದ್ದ." ಬರುವ ಅಮಾವಾಸ್ಯೆಯೊಳಗೆ ನಂಬುವಂಥ ಸಾಕ್ಷಿ ತರಬೇಕು, ಇಲ್ಲದಿದ್ದರೆ ಮಗಳನ್ನು ಕರೆದುಕೊಂಡು ಹೋಗಬೇಕು ಅಂತ ತೀರ್ಮಾನವಾಯಿತು.

ಹೊಳಿಯಪ್ಪನನ್ನು ನಾನು ಕೇಳಿದೆ, "ನೀ ಏನಂತಿಯೋ?"

"ನನಗೇನ ತಿಳೀತೈತಿ ಆಯಿ. ಅಕಿ ನನಗ ಸುಳ್ಳು ಹೇಳಿದ್ದು ನೆನಪಿಲ್ಲ." ಅಷ್ಟೇ ಹೇಳಿ ಕೆಲಸಕ್ಕೆ ಹೋದ.

ಕಣ್ಣಂತೂ ತೋರಿಸಬೇಕಾಗಿತ್ತು. ನಾನು, ಉಡಚವ್ವ, ಹೊಳಿಯಪ್ಪ ಹುಬ್ಬಳ್ಳಿಗೆ ಹೋದೆವು. ಫಕ್ಕೀರವ್ವನೂ ಬಂದಳು. ನಾವು ಡಾಕ್ಟರಿಗೆ ಏನಾದರೂ ಹೇಳಿಕೊಟ್ಟುಬಿಡುತ್ತೇವೆ ಅಂತ ಅವಳ ಭಯ. ಅಲ್ಲಿ ಡಾಕ್ಟರ್ ಜ್ಯೋತಿಲಕ್ಷ್ಮಿ ಅಂತ ಇದ್ದರು. ನೋಡಿದರು, ಮುಟ್ಟಿದರು, ರಕ್ತ ತೆಗೆದರು. ಅಷ್ಟೊಂದು ರಕ್ತ ಯಾಕೆ ಬೇಕು ಅವರಿಗೆ? ನಾನು ಕೇಳಿಯೇ ಕೇಳಿದೆ. "ಮಾರಾಕಲ್ಲ ಆಯಿ" ಅಂದು ನಕ್ಕರು. ನಕ್ಕರೆ ನಂಬಬೇಕು ಅಂತೇನಿಲ್ಲ.

"ಇಕಿ ತಂದಿ ತಾಯಿ ಸಂಬಂಧದಾಗ ಆಗಿದ್ರೇನು?" ಅಂತ ಕೇಳಿದರು.

"ಅಪ್ಪ ನಮ್ಮವ್ವಗ ಸೋದರಮಾವ ಆಗ್ಬೇಕ್ರಿ" ಅಂದಳು ಉಡಚವ್ವ.

ಡಾಕ್ಟರು ಕುರ್ಚಿ ಮುಂದಕ್ಕೆ ಎಳೆದುಕೊಂಡರು. ಅವರು ಹೇಳಿದ್ದನ್ನು ನನಗೆ ತಿಳಿದಷ್ಟು ಹೇಳುತ್ತೇನೆ. ಮೈಯೆಲ್ಲ ಜೀವಕೋಶಗಳಿಂದ ಆಗಿದೆಯಂತೆ, ಕಣ್ಣಿಗೆ ಕಾಣದಷ್ಟು ಸಣ್ಣವು. ಹಳೆಯದು ಸವೆದಂತೆ ಒಂದು ಎರಡಾಗಿ ಒಡೆದು ಹೊಸದು ಆಗುತ್ತದೆ. ಪ್ರತಿಯೊಂದರ ಒಳಗೂ ನೂಲಿನ ಹಾಗೆ ಸುತ್ತಿಟ್ಟದ್ದೊಂದಿದೆ. ಮೈ ಹೇಗಿರಬೇಕು ಅನ್ನುವುದೆಲ್ಲ ಅದರಲ್ಲೇ ಇರುತ್ತದಂತೆ. ಕೋಶ ಎರಡಾಗುವಾಗ ಆ ನೂಲು ಬಿಚ್ಚಬೇಕು, ಅದರಂತೆಯೇ ಇನ್ನೊಂದು ಆಗಬೇಕು.

"ಆ ನೂಲು ಬಿಚ್ಚಾಕ, ಹರದ್ರ ಜೋಡಸಾಕ ಒಳಗ ಕೆಲಸದವ್ರು ಅದಾರ ಅನ್ಕೋರಿ. ಇಕಿ ಮೈಯಾಗ ಅದರಾಗ ಒಬ್ಬಾಂವ ಹುಟ್ಟಿದಾಗಿಂದನ ಇಲ್ಲ. ನೂಲು ಗಂಟಾಗ್ತೈತಿ, ಹರೀತೈತಿ. ತುದಿಗೋಳೂ ಲಗೂ ಸವೀತಾವ. ಸೀರಿ ಸೆರಗಿಗೆ ಕುಚ್ಚು ಕಟ್ಟಿರ್ತೀರಲ್ಲ, ಯಾಕ?"

"ಎಳಿ ಬಿಚ್ಚಿ ಬರಬಾರದಂತ್ರಿ" ಅಂದೆ ನಾನು.

"ಹಂಗ ಆ ನೂಲಿಗೂ ತುದೀಗೆ ಕುಚ್ಚು ಇರ್ತಾವ. ಕೋಶ ಒಡದಂಗೆಲ್ಲ ಒಂದೀಟೀಟ ಸವೀತಾವ. ನಿಮಗೂ ಸವದಾವ, ನನಗೂ ಸವ್ಯಾಕತ್ತಾವ. ಅವು ತೀರಿದ ಮ್ಯಾಲೆ ಆ ಕೋಶ ಮುಂದ ಒಡ್ಯೂದಿಲ್ಲ. ಹುಣ್ಣು ಮಾಯಂಗಿಲ್ಲ, ಕೂದಲ ಕರಿ ಉಳ್ಯಂಗಿಲ್ಲ. ಮುಪ್ಪು ಅನ್ನೂದು ಬಾಳಷ್ಟು ಇದ."

"ಸತ್ತ ಹೋಗ್ತಾವೇನ್ರಿ ಅವು?"

"ಸಾಯೂದಿಲ್ಲ, ಅದ ತ್ರಾಸು. ಕೆಲಸಾನೂ ಮಾಡಂಗಿಲ್ಲ, ಜಾಗಾನೂ ಬಿಡಂಗಿಲ್ಲ. ಮಗ್ಗಲದಾಗಿನವ್ನೂ ಕೆಡಸ್ತಾವ."

ಅದು ನನಗೆ ಚೆನ್ನಾಗಿ ತಿಳಿಯಿತು. ಚೀಲದಲ್ಲಿ ಬೂಷ್ಟು ಹಿಡಿದ ಒಂದು ಕಾಯಿ ಇದ್ದರೆ ಉಳಿದವುಗಳ ಗತಿ ಏನು ಅಂತ ಬ್ಯಾಡಗಿಯವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಫಕ್ಕೀರವ್ವ ಇಷ್ಟು ಹೊತ್ತು ಗೋಡೆಗೆ ಒರಗಿ ನಿಂತಿದ್ದಳು. "ಅಂದ್ರ ಇಕಿಗೆ ಮೂವತ್ತೊಂದ ಅಂತ ನೀವು ಬರದು ಕೊಡ್ತೀರೇನ್ರಿ ಬಾಯಾರ?" ಅಂದಳು.

ಡಾಕ್ಟರು ಪೆನ್ನು ಕೆಳಗಿಟ್ಟರು. "ಅದನ್ನ ನಾನ ನಿಮ್ಮನ್ನ ಕೇಳಬೇಕು. ಇಕಿಗೆ ಮೂವತ್ತೊಂದಿದ್ರ ಇದು ಆ ನೂಲಿನ ರೋಗ. ವಯಸ್ಸು ಅದಕಿಂತ ಬಾಳ ಇದ್ರ ಬ್ಯಾರೆ ಕಾರಣ ಹುಡುಕಬೇಕಾಗ್ತೈತಿ. ಆ ನೂಲು ನೋಡೋ ಪರೀಕ್ಷೆ ಇಲ್ಲಿಲ್ಲ, ಪರದೇಶಕ್ಕ ಕಳಸಬೇಕು. ಇಕಿ ಕೂಡ ಹುಟ್ಟಿ ಬೆಳದವ್ರು ಯಾರರ ಅದಾರೇನು?"

ನೋಡು, ಡಾಕ್ಟರಿಗೂ ಅನುಮಾನವೇ.

ಉಡಚವ್ವ ಅತ್ತೆಯ ಕಡೆ ನೋಡದೆ ಹೇಳಿದಳು.

"ಅದಾರ್ರಿ. ಅಪ್ಪ ಹೇಳಬ್ಯಾಡ ಅಂತ ಆಣಿ ಹಾಕಿಸ್ಯಾನ. ನಾ ಆಕಳ ಹಾಲು ಕುಡದಾಕಿ ಅಲ್ಲ. ನಮ್ಮ ಮಗ್ಗಲ ಮನಿ ಇಸಾಕಸಾಬರ ಹೆಂಡ್ತಿ ದೌಲತಬಿ ಹಾಲು ಕುಡದಾಕಿ. ಅಕಿ ಮಗ ಅನೀಸ, ನಾನು ಒಂದ ವಾರದಾಗ ಹುಟ್ಟಿದವ್ರು. ನನಗ ಹಾಲವ್ವ ಅಕಿ. ಗಂಡನ ಮನ್ಯಾಗ ತಿಳದ್ರ ತೊಳದ ಪಾತ್ರಿಗೂ ಕೈ ಹಚ್ಚಗೊಡಂಗಿಲ್ಲ ಅಂತ ಅಪ್ಪ ಅಂಜಿದ."

ಇಷ್ಟೇ ಅವರು ಮುಚ್ಚಿಟ್ಟದ್ದು. ಫಕ್ಕೀರವ್ವ ಮಾತ್ರ, "ಈಗ ಒಂದು ಹೊಸಾ ಕಥಿ ಹುಟ್ಟಿತು ನೋಡ್ರಿ" ಅಂದು ಮುಖ ತಿರುಗಿಸಿದಳು.

ಇಸಾಕಸಾಬರು ತೀರಿಕೊಂಡ ಮೇಲೆ ದೌಲತಬಿ ಮಗನ ಜೊತೆ ಗುತ್ತಲಕ್ಕೆ ಹೋಗಿ ನೆಲೆಸಿದ್ದಳು. ಉಡಚವ್ವನ ಮದುವೆಗೂ ಅವಳನ್ನು ಲಕ್ಕಪ್ಪ ಕರೆದಿರಲಿಲ್ಲ, ಬಂದರೆ ಬಾಯಿ ಬಿಟ್ಟಾಳು ಅಂತ. ಹೊಳಿಯಪ್ಪ ಗುತ್ತಲಕ್ಕೆ ಹೋಗಿ, ನಿನ್ನ ಹಾಲಿನ ಮಗಳ ಸಲುವಾಗಿ ಅಮಾವಾಸ್ಯೆ ದಿನ ಬಾ ಅಂದು ಬಂದ. ಕಾಯಿಲೆಯ ವಿಷಯ ಹೇಳಿದೆಯೇನೋ ಅಂತ ನಾನು ಕೇಳಿದರೆ, "ಇಲ್ಲ ಆಯಿ, ಬಾಯಿಗೆ ಬರಲಿಲ್ಲ" ಅಂದ. ಫಕ್ಕೀರವ್ವ ಮಾತ್ರ, "ಎಲ್ಲಾ ಕಲಿಸೇ ಕರ್ಕೊಂಡು ಬರ್ತಾನ" ಅಂತ ಓಣಿಗೆಲ್ಲ ಹೇಳಿದಳು. ಸೊಸೆಯ ಸೀರೆಗಳನ್ನು ಗಂಟು ಕಟ್ಟಿ ಬಾಗಿಲ ಹಿಂದೆ ಇಟ್ಟಿದ್ದಳು.

ಆ ದಿನ ಅಂಗಳದಲ್ಲಿ ಜನ ಸೇರಿದ್ದರು. ಸೋಮಣ್ಣ ಚಾಪೆಯ ಮೇಲೆ ಕೂತಿದ್ದ. ಅವನ ಬದಿಗೆ ಲಕ್ಕಪ್ಪ, ಮೊಣಕಾಲಿನ ಮೇಲೆ ಟವೆಲ್ಲು ಹಾಕಿಕೊಂಡು. ಉಡಚವ್ವ ಹೊಸ್ತಿಲ ಹತ್ತಿರ, ಹುಣ್ಣಿನ ಕಾಲು ಚಾಚಿಕೊಂಡು. ಫಕ್ಕೀರವ್ವ ಒಳಗೆ ನೀರು ತರಲು ಹೋಗಿದ್ದಳು. ಬುರ್ಖಾ ಹಾಕಿಕೊಂಡ ಹೆಂಗಸೊಬ್ಬಳು ಬಂದಳು. ಜೊತೆಗೆ ಕಪ್ಪು ಮೀಸೆಯ ಗಟ್ಟಿಮುಟ್ಟಾದ ಗಂಡಸು, ಅವನೇ ಅನೀಸ. ದೌಲತಬಿ ಲಕ್ಕಪ್ಪನನ್ನು ಗುರುತಿಸಿದಳು, ಅವನು ತಲೆ ಎತ್ತಲಿಲ್ಲ. ಅವಳು ಕೂಡಿದ್ದ ಹೆಂಗಸರನ್ನು ಒಬ್ಬೊಬ್ಬರನ್ನಾಗಿ ನೋಡಿದಳು. ಮೂವತ್ತರ ಆಸುಪಾಸಿನವರ ಮುಖವನ್ನೆಲ್ಲ ಬಗ್ಗಿ ಬಗ್ಗಿ ನೋಡಿದಳು. ಆಮೇಲೆ ಹೊಸ್ತಿಲ ಹತ್ತಿರ ಬಂದು ಉಡಚವ್ವನಿಗೆ ಕೈ ಮುಗಿದಳು.

"ನಮಸ್ಕಾರ್ರಿ ಅಕ್ಕಾರ. ನೀವ ಏನ್ರಿ ನಮ್ಮ ಹುಡುಗೀಗೆ ಅತ್ತಿ? ಒಳಗ ಅದಾಳೇನ್ರಿ ಅಕಿ? ಒಂದೀಟ ಕರೀರಿ, ನೋಡಿ ಬಾಳ ವರ್ಷಾತು."

ಫಕ್ಕೀರವ್ವ ಚೊಂಬು ಹಿಡಿದು ಬಾಗಿಲಲ್ಲೇ ನಿಂತುಬಿಟ್ಟಿದ್ದಳು.

"ಹಾಲವ್ವಾ" ಅಂದಳು ಉಡಚವ್ವ ಆ ಒಡಕು ದನಿಯಲ್ಲಿ, "ನಾನ."

ದೌಲತಬಿ ನಂಬಲಿಲ್ಲ. ಮಗನ ಕಡೆ ನೋಡಿದಳು. ಸೋಮಣ್ಣನ ಕಡೆ ನೋಡಿದಳು, ಯಾರೋ ಚೇಷ್ಟೆ ಮಾಡುತ್ತಿದ್ದಾರೆ ಅನ್ನುವ ಹಾಗೆ. ಆಮೇಲೆ ನೆಲದ ಮೇಲೆ ಕೂತು ಉಡಚವ್ವನ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದಳು.

"ಯಾ ಅಲ್ಲಾ. ಏನ ಮಾಡ್ಯಾರವಾ ನಿನಗ ಇವ್ರು? ಊಟಕ್ಕ ಹಾಕಿಲ್ಲೇನು? ಈ ಕಡೆ ಮಗ್ಗಲಿಗೆ ಇವ, ಆ ಕಡೆ ಮಗ್ಗಲಿಗೆ ನೀ. ಇವಗ ಕಡಿಮಿ ಬಿದ್ರೂ ನಿನಗ ಕಡಿಮಿ ಮಾಡಿದಾಕಿ ಅಲ್ಲ ನಾ." ತಲೆ ಎತ್ತಿ ಫಕ್ಕೀರವ್ವನನ್ನು ನೋಡಿದಳು. "ಹನ್ನೆರಡು ವರ್ಷದಾಗ ಒಂದು ಹೆಣ್ಣು ಹಿಂಗ ಆಗ್ತದೇನ್ರಿ? ಏನ ಕೆಲಸ ಹಚ್ಚಿದ್ರಿ?"

ಅನೀಸ ಪಕ್ಕದಲ್ಲಿ ನಿಂತಿದ್ದ, ತಾಯಿಯ ಹತ್ತಿರ ಮಗ ನಿಂತ ಹಾಗೆ ಕಾಣುತ್ತಿತ್ತು. ಅವನ ವಯಸ್ಸು ಯಾರೂ ಕೇಳಲಿಲ್ಲ. ಸೋಮಣ್ಣ ಗಂಟಲು ಸರಿ ಮಾಡಿಕೊಂಡು, "ಫಕ್ಕೀರವ್ವಾ, ನೀ ಏನರ ಕೇಳೂದೈತೇನು ಈ ಅಮ್ಮಗ?" ಅಂದ.

ಫಕ್ಕೀರವ್ವನನ್ನು ನಾನು ನಲವತ್ತು ವರ್ಷದಿಂದ ಬಲ್ಲೆ. ಹಾಲಿನವಳು ನೀರು ಬೆರೆಸಿದ್ದನ್ನು ಅವಳ ಮುಖ ನೋಡಿಯೇ ಹೇಳುವ ಹೆಂಗಸು ಅವಳು. ಹೇಳಿಕೊಟ್ಟ ಮಾತು ಯಾವುದು, ಅಲ್ಲದ್ದು ಯಾವುದು ಅಂತ ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಕಲಿಸಿ ಕರೆದುಕೊಂಡು ಬಂದವಳಾಗಿದ್ದರೆ ಮೊದಲು ಉಡಚವ್ವನನ್ನೇ ಅಪ್ಪಿಕೊಂಡು ಅಳುತ್ತಿದ್ದಳು. ಅತ್ತೆ ಅಂತ ಕೈ ಮುಗಿಯುತ್ತಿರಲಿಲ್ಲ.

"ಏನೂ ಇಲ್ಲ" ಅಂದಳು ಫಕ್ಕೀರವ್ವ. ಚೊಂಬನ್ನು ದೌಲತಬಿಯ ಮುಂದೆ ಇಟ್ಟಳು. "ನೀರು ಕುಡೀರಿ. ಬಿಸಲಾಗ ಬಂದೀರಿ." ಹೊರಗಿನವರಿಗೆ ಕೊಡುವ ಚೊಂಬು ಅಲ್ಲ, ಅವರ ದೇವರ ಮುಂದೆ ಇಡುವ ಹಿತ್ತಾಳೆಯ ಚೊಂಬೇ ಅದು. ಲಕ್ಕಪ್ಪ ಟವೆಲ್ಲಿನಿಂದ ಮುಖ ಒರೆಸಿಕೊಂಡ.

ಆಮೇಲೆ ಉಡಚವ್ವ ಹೇಳಿದ್ದು ನನ್ನ ಕಿವಿಯಲ್ಲಿ ಇನ್ನೂ ಇದೆ. "ಈಗ ನಂಬಿದ್ರಿ ಅತ್ತಿ. ನೀವು ನಂಬಿದ್ರ ನನಗ ಆ ರೋಗ ಖರೇ ಆತು." ನಗುತ್ತಲೇ ಹೇಳಿದಳು. ಅಷ್ಟು ಜನರಲ್ಲಿ ಯಾರಿಗೂ ಅದು ಹೊಳೆದಿರಲಿಲ್ಲ. ಅವಳು ಗೆದ್ದಳು ಅಂತ ನಾವೆಲ್ಲ ಕೂತಿದ್ದೆವು.

ಬಾಗಿಲ ಹಿಂದಿನ ಗಂಟನ್ನು ಫಕ್ಕೀರವ್ವನೇ ಬಿಚ್ಚಿದಳು. ಕಾಗಿನೆಲೆಯ ಮಾತು ಮತ್ತೆ ಬರಲಿಲ್ಲ. ಅಲ್ಲಿಯವರೇ ರೋಗದ ಸುದ್ದಿ ಕೇಳಿ ಹಿಂದೆ ಸರಿದರೋ, ಇವಳೇ ಬೇಡ ಅಂದಳೋ, ನನಗೆ ಇವತ್ತಿಗೂ ಅನುಮಾನವಿದೆ. ಕೇಳಿದರೆ, "ನಿನಗ್ಯಾಕ ಬೇಕ ಅಕ್ಕಾ" ಅನ್ನುತ್ತಾಳೆ.

ಕಣ್ಣಿನ ಆಪರೇಶನ್ನಿಗೆ ಹುಬ್ಬಳ್ಳಿಗೆ ಹೋಗುವಾಗ ಈ ಸಲ ಫಕ್ಕೀರವ್ವನೇ ಮುಂದೆ, ನಾನು ಹಿಂದೆ. ಡಾಕ್ಟರನ್ನು ಅವಳು ಕೇಳಿದ್ದು ಒಂದೇ ಮಾತು, ಮೊಮ್ಮಗಳಿಗೆ ಇದು ಬರುತ್ತದೆಯೇ ಅಂತ. ತಂದೆ ಬೇರೆ ಸಂಬಂಧದವನು, ಹಾಗಾಗಿ ಬಹುಶಃ ಇಲ್ಲ ಅಂದರು ಡಾಕ್ಟರು. ಆದರೆ ಹುಡುಗಿಯನ್ನು ಮುಂದೆ ತಾಯಿಯ ಕಡೆಯ ಬಳಗದಲ್ಲಿ ಕೊಡಬೇಡಿ ಅಂದರು. ಉಡಚವ್ವನಿಗೆ ಕಣ್ಣು ಕಾಣುವಂತೆ ಮಾಡಬಹುದು, ಹುಣ್ಣು ನೋಡಿಕೊಳ್ಳಬಹುದು, ಆ ನೂಲನ್ನು ಮಾತ್ರ ತಮ್ಮ ಕೈಯಲ್ಲಿ ಸರಿ ಮಾಡಲಾಗದು ಅಂದರು.

ತಿರುಗಿ ಬರುವಾಗ ಬಸ್ಸಿನಲ್ಲಿ ಉಡಚವ್ವ ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಕಿಟಕಿಯ ಹತ್ತಿರ ಕೂತಿದ್ದಳು. ಮುಂದಿನ ಸೀಟಿನ ಹೆಂಗಸು ತಿರುಗಿ ಫಕ್ಕೀರವ್ವನನ್ನು ಕೇಳಿದಳು.

"ನಿಮ್ಮಕ್ಕಾರೇನ್ರಿ ಅವ್ರು?"

"ಅಲ್ರಿ. ನನ್ನ ಸೊಸಿ."

"ಸೊಸಿ?"

"ಹೂಂನ್ರಿ. ಮೂವತ್ತೊಂದು ಅಕಿಗೆ."

ಆ ಹೆಂಗಸು ನಮ್ಮ ಮೂವರನ್ನೂ ಒಂದು ಸಲ ನೋಡಿದಳು. ಮಡಿಲಲ್ಲಿದ್ದ ಚೀಲವನ್ನು ಗಟ್ಟಿಯಾಗಿ ಹಿಡಿದುಕೊಂಡು ಮುಂದಕ್ಕೆ ತಿರುಗಿದಳು.

"ನಂಬಂಗಿಲ್ಲ ನೋಡಕ್ಕಾ ಇಕಿ" ಅಂದಳು ಫಕ್ಕೀರವ್ವ ನನಗೆ.

"ಬಿಡ್ರಿ ಅತ್ತಿ" ಅಂದಳು ಉಡಚವ್ವ, "ಅವ್ರಿಗೇನ ಆಗಬೇಕಾಗೇತಿ."

"ನೀ ಸುಮ್ನ ಕುಂದ್ರ." ಫಕ್ಕೀರವ್ವ ಎದ್ದು ಮುಂದಿನ ಸೀಟಿಗೆ ಹೋಗಿ, ಆ ಹೆಂಗಸನ್ನು ಸರಿಸಿ ಪಕ್ಕದಲ್ಲಿ ಕೂತಳು. "ಇಲ್ಲೆ ಕೇಳ್ರಿ. ಸೀರಿ ಸೆರಗಿಗೆ ಕುಚ್ಚು ಯಾಕ ಕಟ್ತೀರಿ ನೀವು?"